ಮೈಬಣ್ಣದ ಟೆಸ್ಟ್ ಮತ್ತು ಒಬ್ಬ ತಾಯಿ

ಉಡುಪಿ ಕಡೆಯ ಪ್ರೈಮರಿ ಟೀಚರ್ ಒಬ್ಬರು ನನ್ನ ಬಳಿ ಸಲಹೆಗೆ ಬಂದಿದ್ದರು. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ತರಬೇತಿಯೊಂದರಲ್ಲಿ ಹೇಳಿದರೆಂದು ಮೊಬೈಲಿನಲ್ಲಿ ಮೈಬಣ್ಣದ ಇಂಪ್ಲಿಸಿಟ್ ಅಸೋಸಿಯೇಶನ್ ಟೆಸ್ಟ್, ಅಂದರೆ ನಮಗೇ ಗೊತ್ತಿಲ್ಲದ ಒಲವನ್ನು ಹುಡುಕುವ ಟೆಸ್ಟ್, ಮಾಡಿದ್ದರು. ಬಿಳಿ ಬಣ್ಣದ ಕಡೆ ಬಲವಾದ ಒಲವು ಅಂತ ಬಂತು. ಅವರ ಮಗಳು ಕಪ್ಪು. "ಹಾಗಾದ್ರೆ ಮಗಳ ಮೇಲೆ ನಂಗೆ ಒಳಗಿಂದ ಪ್ರೀತಿಯೇ ಇಲ್ವಾ ಮೇಡಂ?" ಎಂದು ಅತ್ತರು.

ಆ ಟೆಸ್ಟ್ ಏನು ಅಳೆಯುತ್ತದೆ ಅಂತ ಮೊದಲು ಬಿಡಿಸಿ ಹೇಳಿದೆ. ಪರದೆ ಮೇಲೆ ಮುಖಗಳೂ ಒಳ್ಳೆಯ, ಕೆಟ್ಟ ಪದಗಳೂ ಬರುತ್ತವೆ. ಬಿಳಿ ಮುಖಕ್ಕೂ ಒಳ್ಳೆಯ ಪದಕ್ಕೂ ಒಂದೇ ಬಟನ್ ಇದ್ದಾಗ ಬೆರಳು ಎಷ್ಟು ಬೇಗ ಒತ್ತುತ್ತದೆ, ಅದನ್ನೇ ಕಪ್ಪು ಮುಖಕ್ಕೆ ಕೊಟ್ಟಾಗ ಎಷ್ಟು ತಡ ಮಾಡುತ್ತದೆ? ಮಿಲಿಸೆಕೆಂಡುಗಳ ಆ ಅಂತರದಿಂದಲೇ ಅಂಕ ಬರುತ್ತದೆ. ಇನ್ನೊಂದು ದಿನ ಮಾಡಿದರೆ ಅಂಕ ಬೇರೆ ಬರಬಹುದು. ಎರಡು ಸಲದ ಅಂಕಗಳ ಹೊಂದಾಣಿಕೆ, 1 ಪೂರ್ಣ ಅಂತಿಟ್ಟರೆ, ಸುಮಾರು 0.5 ಅಷ್ಟೇ. ನಡವಳಿಕೆಯ ಜೊತೆಗಿನ ನಂಟು ಇನ್ನೂ ಸಣ್ಣದು. 1998ರಲ್ಲಿ ಈ ಟೆಸ್ಟನ್ನು ಹೊರತಂದ ಮನಶ್ಶಾಸ್ತ್ರಜ್ಞರಾದ ಆಂಥನಿ ಗ್ರೀನ್‌ವಾಲ್ಡ್ ಮತ್ತು ಸಿಕಂದರಾಬಾದಿನಲ್ಲಿ ಹುಟ್ಟಿದ ಮಹ್ಜರೀನ್ ಬಾನಾಜಿ ಅವರೇ, ಇಂಥವರು ಭೇದ ಮಾಡುವವರು ಅಂತ ಹಣೆಪಟ್ಟಿ ಕಟ್ಟಲು ಇದನ್ನು ಬಳಸುವುದು ಸರಿಯಲ್ಲ ಎಂದು 2015ರಲ್ಲಿ ಬರೆದಿದ್ದಾರೆ.

"ಹುಡುಗಿ ಬಿಳಿ ಉಂಟಾ?" ಎಂಬ ಮಾತು ಕೇಳುತ್ತಲೇ ಬೆಳೆದವರು ನಾವು. ಅದು ಬೆರಳ ತುದಿಗೆ ಬಂದ ಮಾತ್ರಕ್ಕೆ ತಾಯಿಯ ಪ್ರೀತಿ ಸುಳ್ಳಾಗುವುದಿಲ್ಲ, ಅಲ್ವಾ? ಆದರೆ ಸುಮ್ನೆ ಸಮಾಧಾನ ಹೇಳಿ ಕಳಿಸಲು ನನಗೆ ಮನಸ್ಸಾಗಲಿಲ್ಲ. ಅಂಕ ಬಿಡಿ, ಮಾಡಿದ್ದನ್ನು ನೋಡೋಣ ಅಂದೆ. ಸ್ಕೂಲ್ ಡೇಗೆ ಅತಿಥಿಗಳಿಗೆ ಆರತಿ ಎತ್ತುವ ಮಕ್ಕಳನ್ನು ಆರಿಸುವವರು ಇವರೇ. ಹಳೆಯ ಫೋಟೋ ತರಲು ಹೇಳಿದೆ.

ತಂದರು. ಎಲ್ಲ ವರ್ಷವೂ ಬೆಳ್ಳಗಿನ ಮಕ್ಕಳೇ. ಅವರೇ ಮೊದಲು ಗಮನಿಸಿದರು. ಮನೆಯಲ್ಲಿ "ಬಿಸಿಲಿಗೆ ಹೋಗ್ಬೇಡ, ಕಪ್ಪಾಗ್ತಿ" ಅನ್ನುವುದನ್ನೂ ಆಗ ಹೇಳಿದರು. ಟೆಸ್ಟಿಗಿಂತ ಈ ಫೋಟೋಗಳನ್ನು ನಾನು ಜಾಸ್ತಿ ನಂಬುತ್ತೇನೆ.

ಮತ್ತೆ ಮತ್ತೆ ಟೆಸ್ಟ್ ಮಾಡಬೇಡಿ ಅಂದೆ. ಅಂಕ ಇಳಿದರೂ ನಡವಳಿಕೆ ಅದರ ಹಿಂದೆಯೇ ಬದಲಾಗುವುದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಬಿಸಿಲಿನ ಮಾತು ನಿಲ್ಲಿಸಿ. ನೆಂಟರು ಹಾಗೆ ಅಂದರೆ ಮಗಳ ಎದುರೇ ತಡೆಯಿರಿ. ಟೆಸ್ಟಿನ ವಿಷಯ ಅವಳಿಗೆ ಹೇಳಬೇಕಾ ಎಂದು ಕೇಳಿದರು. ಬೇಡ ಅಂದೆ, ಐದನೇ ಕ್ಲಾಸಿನ ಮಗು ಅದನ್ನು ಹೊರಬೇಕಿಲ್ಲ. ಹೆಡ್‌ಮಾಸ್ಟರರಿಗೆ ಮಾತ್ರ ಫೋಟೋ ತೋರಿಸಿ, ಈ ವರ್ಷದಿಂದ ಆರತಿಗೆ ಚೀಟಿ ಎತ್ತಿ ಮಕ್ಕಳನ್ನು ಆರಿಸಲು ಒಪ್ಪಿಸಿ ಅಂತ ಹೇಳಿದೆ.