ಕೋಲಾಗಳಿಗೆ ವೈರಸ್ ಹೆತ್ತವರಿಂದಲೇ ಆಸ್ತಿಯ ಹಾಗೆ ಬರುತ್ತದಂತೆ, ಹೇಗೆ? ಕೊನೆಗೆ ಗೆಲ್ಲುವುದು ಯಾರು? ಲಸಿಕೆ ಹಾಕಿ ತೆಗೆಯಲಾಗದೇ?

ನಾನು ಪಶುವೈದ್ಯನಲ್ಲ. ಕೆಲಸದ ನಿಮಿತ್ತ ನಾಲ್ಕು ವರ್ಷ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿದ್ದೆ, ಅಲ್ಲಿ ಹತ್ತಿದ ಹುಚ್ಚು ಇದು. ಬಾಡಿಗೆ ಮನೆಯ ಹಿಂದೆ ಒಂದು ನೀಲಗಿರಿ ಮರವಿತ್ತು. ಒಂದು ಬೆಳಿಗ್ಗೆ ಅದರ ಕವಲಿನಲ್ಲಿ ಕೋಲಾವೊಂದು ನನಗೆ ಬೆನ್ನು ಹಾಕಿ ಕುಳಿತಿತ್ತು. ಮೈಯೆಲ್ಲ ಬೂದು ತುಪ್ಪಳ, ಹಿಂಭಾಗ ಮಾತ್ರ ಒದ್ದೆಯಾಗಿ ಕಂದುಗಟ್ಟಿತ್ತು. ಕೆಸರು ಮೆತ್ತಿಕೊಂಡಿದೆ ಎಂದುಕೊಂಡು ಫೋಟೊ ತೆಗೆಯುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ನೋಡಿದವರೇ ವನ್ಯಜೀವಿ ರಕ್ಷಕರಿಗೆ ಫೋನ್ ಮಾಡಿದರು. ಅದು ಕೆಸರಲ್ಲ, ಮೂತ್ರ. ಕ್ಲಾಮಿಡಿಯಾ ಎಂಬ ಬ್ಯಾಕ್ಟೀರಿಯಾ ಮೂತ್ರಕೋಶಕ್ಕೆ ಇಳಿದರೆ ಕೋಲಾ ಹೀಗೆ ತೊಟ್ಟಿಕ್ಕುತ್ತಲೇ ಇರುತ್ತದೆ. ನೀವು ಕೇಳಿದ ವೈರಸ್ ಈ ಕಥೆಯಲ್ಲಿ ಹಿಂದೆ ನಿಂತಿರುತ್ತದೆ: ಅದರ ಪ್ರಮಾಣ ಹೆಚ್ಚಿರುವ ಕೋಲಾಗಳಲ್ಲಿ ಕ್ಲಾಮಿಡಿಯಾ ಉಗ್ರವಾಗಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಸಾಲದ್ದಕ್ಕೆ ರಕ್ತದ ಕ್ಯಾನ್ಸರಿಗೂ ಈ ವೈರಸ್ಸಿನ ನಂಟಿದೆ.

ಈಗ ಆಸ್ತಿಯ ವಿಚಾರ. ಕೋಲಾಗಳ ಈ ವೈರಸ್ ರೆಟ್ರೊವೈರಸ್ ಎಂಬ ಗುಂಪಿನದು. ರೆಟ್ರೊವೈರಸ್ ಜೀವಕೋಶದೊಳಗೆ ಹೊಕ್ಕು ತನ್ನ ಬರಹವಾದ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ತಿರುಗಿಸಿ, ಆ ಕೋಶದ ಡಿಎನ್‌ಎ ನಡುವೆಯೇ ಸೇರಿಸಿಬಿಡುತ್ತದೆ. ಎಚ್‌ಐವಿ ಕೂಡ ಮಾಡುವುದು ಇದನ್ನೇ, ಆದರೆ ರಕ್ತದ ಕೋಶಗಳಲ್ಲಿ; ಮನುಷ್ಯ ಹೋದರೆ ಆ ಬರಹವೂ ಹೋಯಿತು. ಅಪರೂಪಕ್ಕೊಮ್ಮೆ ವೈರಸ್ಸು ವೀರ್ಯಾಣುವೋ ಅಂಡಾಣುವೋ ಆಗಲಿರುವ ಕೋಶಕ್ಕೇ ಹೊಕ್ಕುತ್ತದೆ. ಅಲ್ಲಿಗೆ ಬಾಡಿಗೆಗೆ ಬಂದವನ ಹೆಸರು ಪಹಣಿಗೇ ಏರಿತು ಎಂದು ತಿಳಿಯಿರಿ. ಹುಟ್ಟುವ ಮರಿಯ ಪ್ರತಿಯೊಂದು ಕೋಶದಲ್ಲೂ ಅದು ಇರುತ್ತದೆ, ಆ ಮರಿಯ ಮಕ್ಕಳಿಗೂ ದಾಟಬಲ್ಲದು.

ನಮ್ಮ ಪಹಣಿಯೂ ಶುದ್ಧವಾಗಿಲ್ಲ. ಮನುಷ್ಯರ ಜೀನೋಮಿನ, ಅಂದರೆ ಪೂರ್ತಿ ಡಿಎನ್‌ಎ ಬರಹದ, ಸುಮಾರು ಶೇ. 8ರಷ್ಟು ಇಂಥ ಹಳೆಯ ವೈರಸ್‌ಗಳ ಪಳೆಯುಳಿಕೆ. ಆದರೆ ಅವುಗಳಲ್ಲಿ ಹೆಚ್ಚಿನವು ಕೋಟ್ಯಂತರ ವರ್ಷ ಹಳೆಯವು, ನಿಮ್ಮಲ್ಲಿ ಎಲ್ಲಿವೆಯೋ ನನ್ನಲ್ಲೂ ಬಹುತೇಕ ಅಲ್ಲೇ ಇವೆ. ಕೋಲಾಗಳಲ್ಲಿ ಹಾಗಿಲ್ಲ. ಸಂಬಂಧವಿಲ್ಲದ ಎರಡು ಕೋಲಾಗಳನ್ನು ಹೋಲಿಸಿದರೆ ಒಂದೇ ಜಾಗದಲ್ಲಿ ಕುಳಿತ ಪ್ರತಿಗಳು ತೀರಾ ಕಡಿಮೆ. ಅಂದರೆ ವೈರಸ್ ಒಳಗೆ ಬಂದು ಹೆಚ್ಚು ಕಾಲವಾಗಿಲ್ಲ. ಐವತ್ತು ಸಾವಿರ ವರ್ಷದೊಳಗೆ ಎಂಬುದು ಅಂದಾಜು. 19ನೇ ಶತಮಾನದ ಕೊನೆಯಲ್ಲಿ ಸಂಗ್ರಹಾಲಯಗಳಿಗೆ ಸೇರಿದ ಚರ್ಮಗಳಲ್ಲೂ ಅದು ಸಿಕ್ಕಿದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಭೂಪಟ. ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಸಂಶೋಧಕ ಜಾನ್ ಹ್ಯಾಂಗರ್ ಮತ್ತು ಸಂಗಡಿಗರು ಈ ವೈರಸ್ಸಿನ ಪೂರ್ತಿ ಬರಹವನ್ನು ಪ್ರಕಟಿಸಿದ್ದು 2000ರಲ್ಲಿ. 2006ರಲ್ಲಿ ರೇಚಲ್ ಟಾರ್ಲಿಂಟನ್, ಜೊವಾನ್ ಮಿಯರ್ಸ್, ಪಾಲ್ ಯಂಗ್ ತೋರಿಸಿದ್ದು ಇದು: ಉತ್ತರದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಅದು ವಂಶವಾಹಿಯಾಗಿಯೇ ಎಲ್ಲ ಕೋಲಾಗಳಲ್ಲೂ ಇದೆ, ದಕ್ಷಿಣದ ಕೆಲವು ಪ್ರತ್ಯೇಕ ಗುಂಪುಗಳಲ್ಲಿ ಇಲ್ಲ. ವೈರಸ್ಸೊಂದು ವಂಶವಾಹಿಯಾಗಿ ಬದಲಾಗುವ ಕೆಲಸ ನಮ್ಮ ಕಣ್ಣೆದುರೇ ಅರ್ಧಕ್ಕೆ ಬಂದು ನಿಂತಿದೆ. ದಕ್ಷಿಣದ ಕಾಂಗರೂ ದ್ವೀಪದ ಕೋಲಾಗಳೆಲ್ಲ 1920ರ ದಶಕದಲ್ಲಿ ಅಲ್ಲಿಗೆ ತಂದು ಬಿಟ್ಟ ಹದಿನೆಂಟೇ ಪ್ರಾಣಿಗಳ ಸಂತತಿ ಎಂಬುದನ್ನೂ ನೆನಪಿಡಿ. ತುಪ್ಪಳದ ವ್ಯಾಪಾರಕ್ಕೆ ಕೊಂದು ಮುಗಿಸಿ, ಆಮೇಲೆ ಉಳಿದವನ್ನು ಹೊತ್ತು ತಿರುಗಿದ ಮನುಷ್ಯನ ಕೈವಾಡವೂ ಈ ಭೂಪಟದಲ್ಲಿದೆ.

ದಕ್ಷಿಣದ ಕೋಲಾಗಳು ವೈರಸ್ ಮುಕ್ತ ಎಂಬ ಮಾತು ಆಮೇಲೆ ಸಡಿಲವಾಯಿತು. ಹುಡುಕಿ ನೋಡಿದರೆ ವೈರಸ್ಸಿನ ಬರಹದ ಎರಡು ತುದಿಗಳಿವೆ, ನಡುವಿನ ಭಾಗವೇ ಮಾಯ! ಕೋಲಾ ಜೀನೋಮಿನಲ್ಲಿ ಮೊದಲೇ ನಿಷ್ಕ್ರಿಯವಾಗಿ ಬಿದ್ದಿದ್ದ ಹಳೆಯ ವೈರಸ್ಸಿನ ತುಣುಕು ಹೊಸಬನ ನಡುವನ್ನು ಕಿತ್ತು ತಾನು ಕುಳಿತ ಉದಾಹರಣೆಗಳನ್ನು 2018ರಲ್ಲಿ ಬರ್ಲಿನ್‌ನ ತಂಡವೊಂದು ವಿವರಿಸಿತು. ಇಂಥ ಕಲಬೆರಕೆ ಪ್ರತಿ ತಾನಾಗಿ ಹೊಸ ವೈರಸ್ ಕಣವನ್ನು ಕಟ್ಟಲಾರದು. ಒಳಗಿನ ಹಳಬನಿಂದಲೇ ಹೊಸಬನಿಗೆ ಅಂಗವಿಕಲತೆ.

ಕೋಲಾ ಸುಮ್ಮನೆ ಕುಳಿತಿದೆಯೇ ಎಂದರೆ, ಇಲ್ಲ. ಜೀವಕೋಶ ತನ್ನ ವಂಶವಾಹಿಯಿಂದ ಆರ್‌ಎನ್‌ಎ ಪ್ರತಿ ತೆಗೆದಾಗ ಸಾಮಾನ್ಯವಾಗಿ ನಡುವಿನ ಬೇಡದ ತುಂಡುಗಳನ್ನು ಕತ್ತರಿಸಿ, ಉಳಿದದ್ದನ್ನು ಜೋಡಿಸಿ ಕಳಿಸುತ್ತದೆ. ವೈರಸ್‌ಗೆ ಇದು ಆಗಿಬರದು. ಹೊಸ ಕಣದೊಳಗೆ ತುಂಬಲು ಅದಕ್ಕೆ ತಲೆಯಿಂದ ಬಾಲದವರೆಗೆ ಕತ್ತರಿ ಕಾಣದ ಪ್ರತಿಯೇ ಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್‌ನ ಸಂಶೋಧಕರು 2019ರಲ್ಲಿ ಗಂಡು ಕೋಲಾಗಳ ವೃಷಣದಲ್ಲಿ ಕಂಡದ್ದು ಇಷ್ಟು: ಆ ಕತ್ತರಿಸದ ಪ್ರತಿಗಳನ್ನೇ ಆರಿಸಿ ಪೈ-ಆರ್‌ಎನ್‌ಎ ಎಂಬ ಚೂರುಗಳಾಗಿ ಕೊಚ್ಚಲಾಗುತ್ತಿದೆ. ಇಡಿಯಾಗಿರುವುದೇ ಕಳ್ಳನನ್ನು ಹಿಡಿದುಕೊಟ್ಟಿತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ ಎಂದರೆ ಹೆಂಡತಿ ಇವತ್ತಿಗೂ ನಗುತ್ತಾಳೆ.

ಹಾಗಾದರೆ ಕೋಲಾ ಗೆದ್ದಿತೇ? “ಕಾಲ ಕಳೆದಂತೆ ವೈರಸ್ ತಾನೇ ಸೌಮ್ಯವಾಗುತ್ತದೆ” ಎಂದು ಬಹಳ ಜನ ಬರೆಯುತ್ತಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ಯಾರೂ ಯಾರೊಡನೆಯೂ ರಾಜಿ ಮಾಡಿಕೊಳ್ಳುತ್ತಿಲ್ಲ. ಕೋಶದ ಬೆಳವಣಿಗೆಯನ್ನು ಹತೋಟಿಯಲ್ಲಿಡುವ ವಂಶವಾಹಿಯ ಪಕ್ಕದಲ್ಲಿ ವೈರಸ್ ಕುಳಿತರೆ ಕ್ಯಾನ್ಸರ್ ಹುಟ್ಟಬಹುದು; ಗೆಡ್ಡೆಗಳಲ್ಲಿ ಅಂಥ ಜಾಗಗಳು ಸಿಕ್ಕಿವೆ. ಮರಿ ಹಾಕುವ ಮೊದಲೇ ಆ ಕೋಲಾ ಸತ್ತರೆ ಆ ಪ್ರತಿಯೂ ಅದರೊಂದಿಗೆ ಸಾಯುತ್ತದೆ. ಮುಂದಿನ ಪೀಳಿಗೆಗೆ ದಾಟುವುದು ಕೆಟ್ಟುಹೋದವು ಅಥವಾ ನಿರುಪದ್ರವಿ ಜಾಗದಲ್ಲಿ ಕುಳಿತವು. ಈ ಪಳಗಿಸುವಿಕೆಯ ಲೆಕ್ಕ ತೀರುವುದು ಸತ್ತ ಕೋಲಾಗಳಲ್ಲಿ. ವೈರಸ್ಸೂ ನಿಂತಿಲ್ಲ. ಮೂಲ ತಳಿ ಕೋಶಕ್ಕೆ ಫಾಸ್ಫೇಟ್ ಒಳಬರುವ ಬಾಗಿಲಿನಿಂದಲೇ ಒಳಬರುತ್ತದೆ. 2013ರಲ್ಲಿ ಲಾಸ್ ಏಂಜಲೀಸ್ ಮೃಗಾಲಯದ ಕೋಲಾಗಳಲ್ಲಿ ವರದಿಯಾದ ‘ಬಿ’ ತಳಿ ಬಿ1 ಜೀವಸತ್ವವಾದ ಥಯಮಿನ್‌ನ ಬಾಗಿಲು ಹಿಡಿದಿತ್ತು. ಅದು ಪಹಣಿಗೆ ಏರಿಲ್ಲ, ಸೋಂಕಾಗಿಯೇ ಹರಡುತ್ತದೆ, ತಾಯಿಯಿಂದ ಮರಿಗೂ. ಒಂದು ಕಡೆ ಹಳೆಯದಕ್ಕೆ ಮೂಗುದಾರ ಬೀಳುತ್ತಿದ್ದರೆ ಅದರದೇ ಬಳಗದ ಇನ್ನೊಂದು ಹಗ್ಗ ಬಿಚ್ಚಿಕೊಂಡಿದೆ.

ಕೊನೆಯದು, ಲಸಿಕೆ. ಹುಟ್ಟಿನಿಂದಲೇ ಪ್ರತಿ ಕೋಶದಲ್ಲಿರುವುದನ್ನು ಲಸಿಕೆ ಅಳಿಸಲಾರದು. ಮೈಯೂ ಅದನ್ನು ತನ್ನದೇ ಎಂದು ಭಾವಿಸಿ ಸುಮ್ಮನಿರುವ ಅಪಾಯವಿದೆ. ಹೆಚ್ಚೆಂದರೆ ರಕ್ತದಲ್ಲಿ ಸುತ್ತುವ ವೈರಸ್ಸಿನ ಪ್ರಮಾಣ ತಗ್ಗಿಸಬಹುದು, ಆ ಪ್ರಯತ್ನಗಳು ನಡೆದಿವೆ. ಕ್ಲಾಮಿಡಿಯಾಗೆ ಮಾತ್ರ ಸನ್‌ಶೈನ್ ಕೋಸ್ಟ್ ವಿಶ್ವವಿದ್ಯಾಲಯ ಅಭಿವೃದ್ಧಿಪಡಿಸಿದ ಲಸಿಕೆಗೆ 2025ರಲ್ಲಿ ಒಪ್ಪಿಗೆ ಸಿಕ್ಕಿತು.

ನಮ್ಮ ಹಿತ್ತಿಲಿನ ಕೋಲಾವನ್ನು ಅಂದು ಬುಟ್ಟಿಯಲ್ಲಿ ಒಯ್ದವರು ಎರಡು ತಿಂಗಳ ಮೇಲೆ ಅದೇ ಬೀದಿಯ ಮರಕ್ಕೆ ತಂದು ಬಿಟ್ಟರು. ಕಿವಿಯಲ್ಲಿ ಹಳದಿ ಬಿಲ್ಲೆ, ಹಿಂಭಾಗದ ತುಪ್ಪಳ ಒಣಗಿ ಬೆಳ್ಳಗಾಗಿತ್ತು. ವೈರಸ್ ಬಗ್ಗೆ ಕೇಳಿದೆ. “ಅದು ಇದ್ದೇ ಇದೆ” ಎಂದು ಖಾಲಿ ಬುಟ್ಟಿಯನ್ನು ಕಾರಿಗೆ ಹಾಕಿಕೊಂಡರು.