ಮಂಚದ ಕೆಳಗೆ ಎಂಟು ಮೂಟೆ ಅಕ್ಕಿ

ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದ ಒಂದು ಕುಟುಂಬದ ಕತೆ ಇದು. ಗುರುತು ಸಿಗಬಾರದು ಅಂತ ವಯಸ್ಸು, ಏರಿಯಾ, ಕಸುಬಿನ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ.

ಮೊದಲು ಫೋನ್ ಮಾಡಿದ್ದು ಹೆಂಡತಿ. "ಮೇಡಂ, ಮಂಚದ ಕೆಳಗೆ ಎಂಟು ಮೂಟೆ ಅಕ್ಕಿ ಇದೆ, ಇವರು ಇನ್ನೂ ತರ್ತಾನೇ ಇದ್ದಾರೆ" ಅಂದರು. ನನಗೆ ನಗು ಬಂತು. ಮಗಳ ಕಾಲೇಜ್ ಫೀಸಿಗೆ ಅಂತ ಇಟ್ಟಿದ್ದ ಎಫ್‌ಡಿಯನ್ನು ಒಂದು ಮಾತೂ ಹೇಳದೆ ಮುರಿಸಿ ಚಿನ್ನ ತಂದಿದ್ದಾರೆ ಅಂದಾಗ ಆ ನಗು ಅಲ್ಲೇ ನಿಂತಿತು.

ಯಜಮಾನರಿಗೆ ಐವತ್ತರ ಆಸುಪಾಸು. ಪೀಣ್ಯದಲ್ಲಿ ಎರಡು ಲೇತ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುತ್ತಾರೆ. ಕುಡಿತ ಇಲ್ಲ, ಇಸ್ಪೀಟ್ ಇಲ್ಲ. ರಾತ್ರಿ ಎರಡರ ತನಕ ದಿವಾಳಿಯಾದ ದೇಶಗಳ ವಿಡಿಯೋ ನೋಡುವುದೊಂದೇ ಚಟ. ಬಂದು ಕೂತವರೇ ಶುರು ಮಾಡಿದರು. ಶ್ರೀಲಂಕಾದಲ್ಲಿ 2022ರ ಮಾರ್ಚ್‌ನಲ್ಲಿ ದಿನಕ್ಕೆ 13 ಗಂಟೆ ಕರೆಂಟ್ ತೆಗೆದರು, ಪೇಪರ್ ಇಲ್ಲ ಅಂತ ಶಾಲೆ ಪರೀಕ್ಷೆ ಮುಂದೂಡಿದರು, ಜುಲೈ ಹೊತ್ತಿಗೆ ಬೈಕಿಗೆ ವಾರಕ್ಕೆ 4 ಲೀಟರ್ ಪೆಟ್ರೋಲ್, ಸೆಪ್ಟೆಂಬರ್‌ನಲ್ಲಿ ಬೆಲೆ ಏರಿಕೆ ಸುಮಾರು 70 ಪರ್ಸೆಂಟ್, ಹೀಗೆ ಉಸಿರು ಬಿಡದೆ ಹೇಳಿ, ಕೊನೆಗೆ "ನಮ್ಮಲ್ಲಿ ಹಾಗೆ ಆಗಲ್ಲ ಅಂತ ನೀವು ಬರೆದು ಕೊಡ್ತೀರಾ?" ಅಂತ ಕೇಳಿದರು.

ಬರೆದು ಕೊಡಲ್ಲ ಅಂದೆ. ಅವರು ಹೇಳಿದ್ದೆಲ್ಲ ನಿಜ. ಇಂಥವರಿಗೆ "ಸುಮ್ನೆ ಯೋಚನೆ ಮಾಡಬೇಡಿ" ಅನ್ನುವುದು ನನ್ನ ಪ್ರಕಾರ ಅವಮಾನ. ಗೊತ್ತಿದ್ದಷ್ಟು ವ್ಯತ್ಯಾಸ ಹೇಳಿದೆ. ಆ ದೇಶ ಸಾಲ ಮಾಡಿದ್ದರಲ್ಲಿ ದೊಡ್ಡ ಪಾಲು ಡಾಲರ್‌ನಲ್ಲಿ, ನಮ್ಮ ಸರ್ಕಾರದ ಸಾಲ ಬಹುಪಾಲು ರೂಪಾಯಿಯಲ್ಲಿ, ದೇಶದೊಳಗೇ. 1991ರಲ್ಲಿ ನಾವೂ ಅಂಚಿಗೆ ಹೋಗಿದ್ದೆವು, ಸುಮಾರು 47 ಟನ್ ಚಿನ್ನ ಗಿರವಿ ಇಟ್ಟು ಬಚಾವಾದೆವು. ತಲೆ ಆಡಿಸಿದರು, ಆದರೆ ಮುಖದಲ್ಲಿ ಏನೂ ಬದಲಾಗಲಿಲ್ಲ. ಭಯ ಇರುವುದು ಬೇರೆ ಕಡೆ ಅನಿಸಿತು.

"ಮೊದಲನೇ ಮೂಟೆ ಯಾವಾಗ ತಂದಿರಿ?" ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. 2020ರಲ್ಲಿ ಒಂದು ಸಹಕಾರಿ ಬ್ಯಾಂಕಿನಲ್ಲಿ ಅವರ ಅಮ್ಮನ ದುಡ್ಡು ಸಿಕ್ಕಿಬಿದ್ದಿತ್ತು. ಬಡ್ಡಿ ಸ್ವಲ್ಪ ಜಾಸ್ತಿ ಅಂತ ಅಲ್ಲಿ ಹಾಕಿಸಿದ್ದು ಇವರೇ. ಅಮ್ಮ ಪಾಸ್‌ಬುಕ್ ಹಿಡಿದು ಬೆಳಗ್ಗೆಯಿಂದ ಕ್ಯೂನಲ್ಲಿ ನಿಂತು ಬರಿಗೈಲಿ ಬಂದರಂತೆ. ಮಂಡಿ ಆಪರೇಷನ್ ಮುಂದಕ್ಕೆ ಹೋಯಿತು. "ಒಂದು ದಿನಾನೂ ನನ್ನ ಬೈಲಿಲ್ಲ ಮೇಡಂ" ಅಂದು ಅತ್ತರು. ಅಮ್ಮ ಈಗಿಲ್ಲ.

ಹೆಂಡತಿಗೆ ಈ ತಪ್ಪಿತಸ್ಥ ಭಾವದ ವಿಷಯ ಅವತ್ತೇ ಗೊತ್ತಾಗಿದ್ದು.

ಎರಡನೇ ಸಲ ಬಂದಾಗ ಶ್ರೀಲಂಕಾದ ಕತೆಯನ್ನು ನಾನೇ ಎತ್ತಿದೆ. ಅಲ್ಲಿ ಜನ ರೊಚ್ಚಿಗೆದ್ದಿದ್ದು ಬರೀ ಹಸಿವಿಗಲ್ಲ. 2019ರಲ್ಲಿ ತೆರಿಗೆ ಇಳಿಸಿದರು, 2021ರಲ್ಲಿ ರಾಸಾಯನಿಕ ಗೊಬ್ಬರ ದಿಢೀರ್ ನಿಲ್ಲಿಸಿದರು. 2022ರ ಜನವರಿಯಲ್ಲೂ ಸಾಲ ಕೊಟ್ಟ ಹೊರಗಿನವರಿಗೆ 50 ಕೋಟಿ ಡಾಲರ್ ಕಟ್ಟಿದರು, ಎಲ್ಲ ಸರಿ ಇದೆ ಅನ್ನುತ್ತಲೇ ಇದ್ದರು, ಏಪ್ರಿಲ್ 12ಕ್ಕೆ ವಿದೇಶಿ ಸಾಲ ಕಟ್ಟಲು ಆಗಲ್ಲ ಅಂತ ಕೈ ಎತ್ತಿದರು. ಜುಲೈ 9ಕ್ಕೆ ಜನ ಅಧ್ಯಕ್ಷರ ಬಂಗಲೆಗೆ ನುಗ್ಗಿದರು. ಲೆಕ್ಕ ಹೇಳದ ಸರ್ಕಾರದ ಮಾತನ್ನು ಆಮೇಲೆ ಯಾರೂ ನಂಬಲ್ಲ, ನಿಜ ಹೇಳಿದರೂ ನಂಬಲ್ಲ.

"ಈಗ ನಿಮ್ಮ ಮನೆ ನೋಡಿ" ಅಂದೆ. "ಎಫ್‌ಡಿ ಮುರಿಸುವುದು ನೀವು, ಚಿನ್ನ ಎಲ್ಲಿದೆ ಅಂತ ಗೊತ್ತಿರೋದು ನಿಮಗೆ, ಸಕ್ಕರೆ ಎಷ್ಟು ಹಾಕಬೇಕು ಅಂತ ಹೇಳೋದೂ ನೀವೇ. ಇವರು, ಮಗಳು ಪ್ರಜೆಗಳು, ಅಲ್ವಾ?" ಹೆಂಡತಿ ಕಿಸಕ್ಕನೆ ನಕ್ಕರು. ಯಜಮಾನರಿಗೆ ಸಿಟ್ಟು ಬಂತು, ಬರಲಿ ಅಂತಲೇ ಹೇಳಿದ್ದು.

ಕೊಟ್ಟ ಸಲಹೆ ದೊಡ್ಡದೇನಲ್ಲ. ಭಾನುವಾರ ತಿಂಡಿ ಆದಮೇಲೆ ಮೂವರೂ ಕೂತು ಲೆಕ್ಕ ನೋಡಬೇಕು, ಅಂಗಡಿ ಬಾಕಿ, ಚಿನ್ನದ ರಸೀದಿ, ಎಲ್ಲ ಟೇಬಲ್ ಮೇಲೆ. ಅದಾಗುವ ತನಕ ದುಡ್ಡಿನ ಯಾವ ತೀರ್ಮಾನವೂ ಬೇಡ. ನಾನು ಹಣಕಾಸಿನ ತಜ್ಞೆ ಅಲ್ಲ, ಫೀಸಿನ ದುಡ್ಡು ಎಲ್ಲಿಡಬೇಕು ಅನ್ನೋದಕ್ಕೆ ಅವರ ಆಡಿಟರ್ ಹತ್ತಿರ ಕಳಿಸಿದೆ. ಎಲ್ಲರಿಗೂ ಗೊತ್ತಿರಬೇಕಾದ ಒಂದು ಮಾತು ಮಾತ್ರ ಹೇಳಿದೆ: 2020ರ ಫೆಬ್ರವರಿಯಿಂದ ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ ಬಡ್ಡಿ ಸೇರಿ 5 ಲಕ್ಷದ ತನಕ ವಿಮೆ ಇದೆ, ಅದಕ್ಕಿಂತ ಮೊದಲು ಇದ್ದದ್ದು 1 ಲಕ್ಷ. ರಾತ್ರಿ ಎಂಟರ ಮೇಲೆ ಮೊಬೈಲ್ ಹಾಲ್‌ನಲ್ಲೇ ಚಾರ್ಜಿಗೆ ಹಾಕಬೇಕು. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ನೋಡಬೇಕು. ನಡುರಾತ್ರಿ ಎದೆ ಡವಡವ ಅಂದರೆ ಮಾತಾಡೋದಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದುಕೊಟ್ಟೆ. ಅಮ್ಮನ ವಿಷಯ ಮಾತ್ರ ಒಂದೇ ಸಲಕ್ಕೆ ಮುಗಿಯೋದಲ್ಲ, ಅದಕ್ಕೆ ಇನ್ನೂ ಬರಬೇಕು ಅಂದೆ.

ಸಂಗ್ರಹ ಪೂರ್ತಿ ಬಿಡಿ ಅಂತ ನಾನು ಹೇಳಲಿಲ್ಲ. ಲಾಕ್‌ಡೌನ್ ನೋಡಿದವರಿಗೆ ಹಾಗೆ ಹೇಳೋಕೆ ಬಾಯಿ ಬರಲ್ಲ. ಆದರೆ ಕೊಲಂಬೋದಲ್ಲಿ 2022ರಲ್ಲಿ ತುಂಬಾ ಜನರ ಹೊಟ್ಟೆ ತುಂಬಿಸಿದ್ದು ಊರವರು ಸೇರಿ ನಡೆಸಿದ ಅಡುಗೆಮನೆಗಳು ಅಂದೆ. ಖರ್ಚು ಉಳಿಸಲು ಯಜಮಾನರು ಲೇತ್ ಹುಡುಗನನ್ನು ಕೆಲಸದಿಂದ ಬಿಡಿಸಿದ್ದರಂತೆ. "ಅಂಥ ದಿನ ಬಂದರೆ ನಿಮ್ಮ ಮೂಟೆ ಹೊರೋಕೆ ಯಾರು ಬರ್ತಾರೆ?" ಅಂತ ಕೇಳಿದೆ. ಉತ್ತರ ಬರಲಿಲ್ಲ.

ಮೂರನೇ ಸಲ ಇಬ್ಬರೂ ಸ್ವಲ್ಪ ಹಗುರಾಗಿ ಬಂದರು. ಭಾನುವಾರದ ಲೆಕ್ಕ ಎರಡು ವಾರ ನಡೆದಿದೆ, ಮೊದಲನೇ ವಾರ ಜಗಳದಲ್ಲೇ ಮುಗಿಯಿತಂತೆ. ಹುಡುಗ ಕೆಲಸಕ್ಕೆ ವಾಪಸ್ ಬಂದಿದ್ದಾನೆ, ಎರಡು ಮೂಟೆ ಅವನ ಮನೆಗೆ ಹೋಗಿದೆ. ಮೂರು ಮೂಟೆಗೆ ನುಸಿ ಹಿಡಿದು, ಆಕೆ ಮೊರ ಹಿಡಿದು ಕೂತಿದ್ದಾರೆ. ಇನ್ನೆರಡು ನೆಂಟರಿಗೆ.

"ಒಂದಾದರೂ ಇರಲಿ ಕಣೆ" ಅಂದರು ಯಜಮಾನರು.

"ಇರಲಿ ಬಿಡಿ, ಮಂಚದ ಕೆಳಗೆ ಮಾತ್ರ ಬೇಡ. ಅಲ್ಲಿ ಗುಡಿಸಬೇಕು" ಅಂದರು ಅವರು.