ಎಚ್‌ಡಿ 800 ಎಸ್, ಎಲ್‌ಸಿಡಿ-ಎಕ್ಸ್: ಕಚೇರಿ ಕೇಳುವವರಿಗೆ ಯಾವುದು?

ಸೆನ್‌ಹೈಸರ್ ಎಚ್‌ಡಿ 800 ಎಸ್ ಮತ್ತು ಆಡೀಜ್ ಎಲ್‌ಸಿಡಿ-ಎಕ್ಸ್, ಈ ಎರಡು ಹೆಡ್‌ಫೋನ್‌ಗಳ ದನಿಯಲ್ಲಿ ಏನು ವ್ಯತ್ಯಾಸ, ಕರ್ನಾಟಕ ಸಂಗೀತಕ್ಕೆ ಯಾವುದು ಸರಿ ಅಂತ ಕೇಳಿದ್ದೀರಿ. ಚಿಂತಾಮಣಿಯ ನಮ್ಮ ಮನೆಯಲ್ಲಿ ಎರಡೂ ಇವೆ. ನಿಮಗೆ ಹಾಡುಗಾರಿಕೆ ಮುಖ್ಯ ಅಂದರೆ 800 ಎಸ್ ತೆಗೆದುಕೊಳ್ಳಿ.

ಅದನ್ನು ಹಾಕಿಕೊಂಡರೆ ಸಭೆಯಲ್ಲಿ ನಾಲ್ಕೈದು ಸಾಲು ಹಿಂದೆ ಕೂತ ಹಾಗೆ. ಹಾಡುವವರು ನಡುವೆ, ಪಿಟೀಲು ಒಂದು ಪಕ್ಕ, ಮೃದಂಗ ಇನ್ನೊಂದು ಪಕ್ಕ. ಒಬ್ಬರ ದನಿ ಇನ್ನೊಬ್ಬರ ಮೇಲೆ ಬೀಳುವುದಿಲ್ಲ. ಇದರ 56 ಮಿ.ಮೀ. ಡ್ರೈವರ್, ಅಂದರೆ ದನಿ ಹೊರಡಿಸುವ ಭಾಗ, ಕಿವಿಗೆ ಒತ್ತಿಕೊಂಡಿರದೆ ಸ್ವಲ್ಪ ಮುಂದೆ, ಓರೆಯಾಗಿ ಕೂತಿದೆ. ಆ ದೂರ ಅಲ್ಲಿಂದಲೇ ಬರುವುದು. ಆಲಾಪನೆಯಲ್ಲಿ ಹಾಡುವವರು ಉಸಿರಿಗೆ ನಿಂತಾಗ ತಂಬೂರಿ ಒಂದೇ ಕೇಳುತ್ತದಲ್ಲ, ಆಗ ಗಮನಿಸಿ. ಒಂದೊಂದು ತಂತಿ ಮಿಡಿದದ್ದೂ ಬೇರೆ ಬೇರೆ ಗೊತ್ತಾಗುತ್ತದೆ.

ಎಲ್‌ಸಿಡಿ-ಎಕ್ಸ್ ಬುದ್ಧಿಯೇ ಬೇರೆ. ಅದರದ್ದು ಅಯಸ್ಕಾಂತಗಳ ಪಕ್ಕದಲ್ಲಿ ಬಿಗಿದ 106 ಮಿ.ಮೀ. ಅಗಲದ ತೆಳು ಹಾಳೆ. ದನಿ ದಪ್ಪ, ಹತ್ತಿರ. ಮೃದಂಗದ ಎಡಗಡೆಗೆ ರವೆ ಕಲಸಿ ಹಚ್ಚುತ್ತಾರೆ ನೋಡಿ, ಆ ಕಡೆಯ ಗುಂಕಾರ ಇದರಲ್ಲಿ ಕೇಳಬೇಕು. ನಮ್ಮದು ತಮಟೆಯ ಸೀಮೆ. 2023ರಲ್ಲಿ ಪದ್ಮಶ್ರೀ ಪಡೆದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರು ಇದೇ ಜಿಲ್ಲೆಯವರು. ಒಂದು ಜಾತ್ರೆಯಲ್ಲಿ ನಾನೇ ಪಕ್ಕದಲ್ಲಿ ನಿಂತು ತಮಟೆ ರೆಕಾರ್ಡ್ ಮಾಡಿದ್ದೆ. ಬಾರಿಸುವವರು ತಮಟೆಯನ್ನು ಹುಲ್ಲಿನ ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡಿಕೊಂಡು ಶುರು ಮಾಡಿದ್ದರು. ಅಲ್ಲಿ ಎದೆಗೆ ಬಡಿದ ಏಟು ಎಲ್‌ಸಿಡಿ-ಎಕ್ಸ್‌ನಲ್ಲಿ ಹಾಗೇ ಬರುತ್ತದೆ. 800 ಎಸ್‌ನಲ್ಲಿ ಸಣ್ಣ ಕಡ್ಡಿಯ ಚಟಚಟ ತುಂಬ ಚೆನ್ನಾಗಿದೆ, ಆದರೆ ಏಟಿನ ತೂಕ ಕಮ್ಮಿ.

ಹಾಗಾದರೆ 800 ಎಸ್ ಯಾಕೆ ಅಂತೀರಾ? ಎಲ್‌ಸಿಡಿ-ಎಕ್ಸ್ ಕಂಠವನ್ನೂ ಪಿಟೀಲನ್ನೂ ಒಂದು ಹೆಜ್ಜೆ ಹಿಂದೆ ತಳ್ಳುತ್ತದೆ. ಗಮಕದ ಅಂಚು ಸ್ವಲ್ಪ ಮಂಕಾಗುತ್ತದೆ. ಕಚೇರಿಯಲ್ಲಿ ಅದನ್ನು ಕಳೆದುಕೊಂಡರೆ ಉಳಿಯುವುದೇನು? ದನಿಯ ಬೇರೆ ಬೇರೆ ಭಾಗವನ್ನು ಏರಿಸಿ ಇಳಿಸುವ ಈಕ್ವಲೈಜರ್‌ನಲ್ಲಿ ಸರಿ ಮಾಡಬಹುದು, ನಾನೂ ಮಾಡಿದ್ದೇನೆ. ಆದರೆ ಎರಡು ಗಂಟೆಯ ಕಚೇರಿಗೆ ಕೂತಾಗ ಕೈ ತಾನಾಗಿ 800 ಎಸ್ ಕಡೆಗೇ ಹೋಗುತ್ತದೆ. ತೂಕವೂ ಒಂದು ಕಾರಣ. ಇದು 330 ಗ್ರಾಂ, ಅದು 600 ಗ್ರಾಂಗಿಂತ ಜಾಸ್ತಿ. ಒಂದು ಗಂಟೆ ಆಗುವಷ್ಟರಲ್ಲಿ ಕತ್ತು ಹಿಡಿದುಕೊಳ್ಳುತ್ತದೆ.

800 ಎಸ್‌ನಲ್ಲೂ ಕೊರತೆ ಇದೆ. 2009ರ ಹಳೆಯ ಎಚ್‌ಡಿ 800ರಲ್ಲಿ 6 ಕಿಲೋಹರ್ಟ್ಜ್ ಸುತ್ತ ದನಿ ಕಿವಿಗೆ ಚುಚ್ಚುತ್ತಿತ್ತು. 2016ರಲ್ಲಿ ಬಂದ ಎಸ್‌ನಲ್ಲಿ ಅದನ್ನು ಹೀರಿಕೊಳ್ಳುವ ವ್ಯವಸ್ಥೆ ಸೇರಿಸಿದರು. ಆದರೂ ಕೆಟ್ಟ ರೆಕಾರ್ಡಿಂಗ್ ಹಾಕಿದರೆ 'ಸ', 'ಶ' ಕಿವಿಗೆ ಹತ್ತುತ್ತವೆ. ಹಳೆಯ ಕ್ಯಾಸೆಟ್‌ನಿಂದ ಇಳಿಸಿದ ಕಚೇರಿಗಳೇ ನಿಮ್ಮ ಹತ್ತಿರ ಜಾಸ್ತಿ ಇದ್ದರೆ ಎಲ್‌ಸಿಡಿ-ಎಕ್ಸ್ ವಾಸಿ, ಸುಯ್‌ಗುಟ್ಟುವುದನ್ನು ಅಷ್ಟಾಗಿ ಎತ್ತಿ ತೋರಿಸುವುದಿಲ್ಲ.

800 ಎಸ್‌ನ ವಿದ್ಯುತ್ ತಡೆ 300 ಓಮ್, ಫೋನಿಗೆ ಸಿಕ್ಕಿಸಿದರೆ ಸಾಲದು. ದನಿಗೆ ಬಲ ಕೊಡುವ ಒಳ್ಳೆಯ ಆಂಪ್ ದುಡ್ಡನ್ನೂ ಲೆಕ್ಕಕ್ಕೆ ಹಿಡಿಯಿರಿ. ಎರಡೂ ತೆರೆದ ಬೆನ್ನಿನವು, ಅಡುಗೆಮನೆಯ ಕುಕ್ಕರ್ ಸೀಟಿ ನೇರ ಒಳಗೆ ಬರುತ್ತದೆ. ನಾನು ರಾತ್ರಿ ಹತ್ತರ ಮೇಲೆ, ಫ್ಯಾನ್ ಆರಿಸಿ ಕೇಳುತ್ತೇನೆ.